ಕರಿ ಒಂದರ ಗಾಂಧಾರ

ಸಿಂದಗಿ ಕಡೆಯ ನಮ್ಮ ಭಜನಿ ಮೇಳದ ಹಾರ್ಮೋನಿಯಂ ಪೇಟಿಗೆ ವಯಸ್ಸಾಗಿದೆ. ತಿದಿಯ ಮಡಿಕೆಗಳು ಹರಿದಿವೆ, ಮೇಲೆ ಅಂಟಿಸಿದ ತೊಗಲೂ ಹರಿದಿದೆ. ಪದ ಏರುವ ಹೊತ್ತಿಗೆ ಸರಿಯಾಗಿ ಗಾಳಿ ಸಾಲದಾಗುತ್ತದೆ. ಊರಲ್ಲಿ ಪಟ್ಟಿ ಎತ್ತಿದ್ದಾಯಿತು, ರೊಕ್ಕವೂ ಕೂಡಿತು. ಆಗ ತಾಳ ಹಾಕುವ ಹುಡುಗ ಮೊಬೈಲ್ ಹಿಡಿದು ಬಂದ. ‘ಕಾಕಾ, ಇದನ್ನ ನೋಡ್ರಿ. ಸ್ಕೇಲ್ ಚೇಂಜರ್. ಒಂಬತ್ತು ಸ್ಕೇಲ್ ಅದಾವು. ಪಾಲಿಶ್ ನೋಡ್ರಿ, ಮಾರಿ ಕಾಣ್ತೈತಿ.’ ಮೇಳದವರೆಲ್ಲ ಆ ಚಿತ್ರ ನೋಡಿ ತಲೆಯಾಡಿಸಿದರು. ಅಂದಿನಿಂದ ನನಗೆ ಸಮಾಧಾನವಿಲ್ಲ.

ಪಾಲಿಶ್ ಮಾತು ಮೊದಲು ಮುಗಿಸುತ್ತೇನೆ. ಡೋಣಿ ಸೀಮೆಯ ಎರಿ ಮಣ್ಣಿನ ಧೂಳು, ಏಪ್ರಿಲ್-ಮೇ ತಿಂಗಳ 40 ಡಿಗ್ರಿ ದಾಟುವ ಬಿಸಿಲು, ಅದರ ಬೆನ್ನಿಗೇ ಮಳೆಗಾಲದ ತೇವ. ಇವುಗಳ ನಡುವೆ ಸಾಗವಾನಿ ಕಟ್ಟಿಗೆಯೂ ಹಿಗ್ಗುತ್ತದೆ, ಕುಗ್ಗುತ್ತದೆ. ಕನ್ನಡಿಯಂತೆ ಹೊಳೆಯುವ ಮೆಲಮೈನ್ ಪಾಲಿಶ್ ಕಟ್ಟಿಗೆಯ ಜೊತೆ ಅಷ್ಟು ಆಡುವುದಿಲ್ಲ. ಒಮ್ಮೆ ಬಿರುಕು ಬಿಟ್ಟರೆ ಇಡೀ ಮೈ ಕೆರೆದು ಹೊಸದಾಗಿ ಹೊಡೆಸಬೇಕು. ಅರಗು ಮತ್ತು ಸ್ಪಿರಿಟ್ ಕಲಸಿ ಅರಿವೆಯಿಂದ ತಿಕ್ಕಿದ ಹಳೆಯ ಪಾಲಿಶ್ ಆದರೆ ಊರ ಬಡಿಗೇರರೇ ಒಂದು ಮಧ್ಯಾಹ್ನದಲ್ಲಿ ಸರಿಮಾಡಿ ಕೊಡುತ್ತಾರೆ. ಅದು ಮಂಕಾಗಿ ಹೊಳೆಯುತ್ತದೆ, ಕೈಯ ಬೆವರಿಗೆ ಇನ್ನಷ್ಟು ಹದವಾಗುತ್ತದೆ. ಗುಡಿಯ ಮುಂದಿನ ದೊಡ್ಡ ದೀಪದ ಬೆಳಕನ್ನು ನುಡಿಸುವವನ ಕಣ್ಣಿಗೆ ಎರಚುವುದಿಲ್ಲ. ಮಾರಿ ನೋಡಿಕೊಳ್ಳಲು ಪೇಟಿ ಬೇಕಾಗಿಲ್ಲ.

ಕೊಳ್ಳುವಾಗ ನೋಡಬೇಕಾದದ್ದು ಗಾಳಿ. ಇದಕ್ಕೆ ನನ್ನದೊಂದು ಪರೀಕ್ಷೆಯಿದೆ. ಅಂಗಡಿಯವರಿಗೆ ಅದು ಸೇರುವುದಿಲ್ಲ. ಎಲ್ಲ ಸ್ಟಾಪರ್ ಒಳಗೆ ತಳ್ಳಿ, ತಿದಿ ತುಂಬ ಗಾಳಿ ತುಂಬಿ, ಕೈ ಬಿಟ್ಟು ಕೂಡಬೇಕು. ಒಳ್ಳೆಯ ಪೇಟಿ ಗಾಳಿಯನ್ನು ಹಿಡಿದು ಕೂಡುತ್ತದೆ, ಕೆಟ್ಟದ್ದು ಅಲ್ಲೇ ಸೋತು ಇಳಿಯುತ್ತದೆ. ಆಮೇಲೆ ಫ್ಯಾನ್ ಆರಿಸಲು ಹೇಳಿ ಒಂದು ಊದಿನಕಡ್ಡಿ ಹಚ್ಚಬೇಕು. ತಿದಿ ಒತ್ತುತ್ತ ಆ ಕಡ್ಡಿಯನ್ನು ಮೂಲೆಯ ಬೆಸುಗೆಗಳ ಹತ್ತಿರ, ಸೂರಿನ, ಅಂದರೆ ರೀಡಿನ, ಹಲಗೆ ಕೂತ ಅಂಚಿನುದ್ದಕ್ಕೂ, ತಿದಿಯ ಬಿಜಾಗರಿಯ ಬಳಿ ನಿಧಾನ ಸರಿಸಬೇಕು. ಹೊಗೆ ನೆಟ್ಟಗೆ ಏರಿದರೆ ಸರಿ. ಎಲ್ಲಿ ಬಾಗಿತೋ ಅಲ್ಲಿ ಸೋರಿಕೆ. ನಂತರ ಎಲ್ಲಕ್ಕಿಂತ ಸಣ್ಣ ಗಾಳಿಯಲ್ಲಿ, ಬರೀ ಉಸಿರಿನಷ್ಟು ಗಾಳಿಯಲ್ಲಿ, ಒಂದೊಂದೇ ಮನೆ ಒತ್ತುತ್ತ ಹೋಗಬೇಕು. ಖರ್ಜದ ಸಾಲಿನ ಸೂರು ತಡವಾಗಿ ಎದ್ದರೆ ಅದರ ನಾಲಿಗೆ ತಟ್ಟೆಯಿಂದ ಬಹಳ ಮೇಲಿದೆ ಎಂದರ್ಥ. ಜೋರು ಗಾಳಿಗೆ ಗಪ್ಪನೆ ಮುಚ್ಚಿಕೊಂಡರೆ ನಾಲಿಗೆ ತೀರ ಕೆಳಗಿದೆ. ಎರಡೂ ಸಾಲು ಸಣ್ಣ ಗಾಳಿಗೆ ಒಟ್ಟಿಗೆ ಎದ್ದರೆ, ಅಂಥ ಪೇಟಿಯ ಬಣ್ಣ ಹೇಗಿದ್ದರೂ ನಾನು ಹೊತ್ತು ತರುತ್ತೇನೆ. ‘ಜರ್ಮನ್ ಸೂರು’ ಎಂಬ ಮುದ್ರೆಗಿಂತ ಈ ಪರೀಕ್ಷೆ ದೊಡ್ಡದು. ಗುಜರಾತಿನ ಪಾಲಿತಾಣಾದಲ್ಲಿ ಕೈಯಿಂದ ಮಾಡಿದ ಹಿತ್ತಾಳೆ ಸೂರುಗಳು ಎಷ್ಟೋ ಒಳ್ಳೆಯ ಪೇಟಿಗಳಲ್ಲಿ ಹಾಡುತ್ತಿವೆ. ಮುದ್ರೆ ಒತ್ತುವುದು ಯಾರಿಗೂ ಕಷ್ಟವಲ್ಲ.

ಇನ್ನು ಸ್ಕೇಲ್ ಚೇಂಜರ್. ಹಿಡಿಕೆ ಎಳೆದರೆ ಮನೆಗಳ ಸಾಲೇ ಸೂರುಗಳ ಮೇಲೆ ಪಕ್ಕಕ್ಕೆ ಸರಿಯುತ್ತದೆ. ಬೆರಳು ಇದ್ದಲ್ಲೇ ಇರುತ್ತದೆ, ಷಡ್ಜ ಬೇರೆಯಾಗುತ್ತದೆ. ಎಲ್ಲ ಸ್ವರದಿಂದಲೂ ನುಡಿಸಲು ಕಲಿತವನಿಗೆ ಇದು ಬೇಡ. ಕಲಿಯದವನು ಇದರಿಂದ ಎಂದೂ ಕಲಿಯುವುದಿಲ್ಲ. ಕರಿ ಎರಡು, ಅಂದರೆ ಎರಡನೆಯ ಕರಿ ಮನೆ, ಷಡ್ಜವಾಗಿ ಹಿಡಿದು ಕೂತ ಹಾಡುಗಾರ ಮೂಡು ಬದಲಿಸಿ ಬಿಳಿ ನಾಲ್ಕು ಎಂದರೆ ಹಳೆಯ ಪೇಟಿ ಮಾಸ್ತರರು ಮರುಮಾತಿಲ್ಲದೆ ಬಿಳಿ ನಾಲ್ಕರಿಂದ ಎತ್ತಿಕೊಳ್ಳುತ್ತಿದ್ದರು. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಲಿತು ಬಂದ ಕಣ್ಣಿಲ್ಲದ ಗವಾಯಿಗಳ ಕೈಯಲ್ಲಿ ಈ ಸಲೀಸು ನೋಡಬೇಕು. ಹನ್ನೆರಡೂ ಮನೆಗಳು ಅವರ ಬೆರಳ ತುದಿಯಲ್ಲಿವೆ.

ಆದರೆ ನನ್ನ ಮುಖ್ಯ ಜಗಳ ಬೆರಳಿನದಲ್ಲ, ಗಾಂಧಾರದ್ದು. ಸರಿಯುವ ಪೇಟಿಯಲ್ಲಿ ಯಾವ ಸೂರು ಬೇಕಾದರೂ ಷಡ್ಜ ಆಗಬಹುದು. ಹಾಗಾಗಿ ಹನ್ನೆರಡು ಸ್ವರಗಳನ್ನೂ ಸಮ ಅಂತರದಲ್ಲಿ ಇಡಲೇಬೇಕು: ಸ್ವರದ ಅಂತರ ಅಳೆಯುವ ಲೆಕ್ಕದಲ್ಲಿ ಒಂದೊಂದರ ನಡುವೆ 100 ಸೆಂಟ್. ಹಾಗೆ ಇಟ್ಟಾಗ ಶುದ್ಧ ಗಾಂಧಾರ 400 ಸೆಂಟಿಗೆ ಬರುತ್ತದೆ. ಗಂಟಲಿಗೆ ಬೇಕಾದ ಗಾಂಧಾರ 386ರಲ್ಲಿದೆ. ಹದಿನಾಲ್ಕು ಸೆಂಟ್ ಏನು ಮಹಾ ಎನ್ನುವವರು ಕರಿ ಒಂದರ ಷಡ್ಜವನ್ನೂ ಅದರ ಗಾಂಧಾರವನ್ನೂ ಒಟ್ಟಿಗೆ ಒತ್ತಿ ಕೇಳಲಿ. ಎರಡು ಸ್ವರಗಳ ನಡುವೆ ಸೆಕೆಂಡಿಗೆ ಸುಮಾರು 11 ಸಲ ಅಲೆ ಬಡಿಯುತ್ತದೆ. ಷಡ್ಜ-ಪಂಚಮಕ್ಕೆ ಅದೇ ಅಲೆ ಸೆಕೆಂಡಿಗೆ ಒಂದು, ಸಹಿಸಬಹುದು. ಗಾಂಧಾರದ್ದು ನಡುಕ. ಮಿರಜದಲ್ಲಿ ಮಾಡಿದ ಒಳ್ಳೆಯ ತಂಬೂರಿ ಹಿಡಿದು ಖರ್ಜದ ತಂತಿಯನ್ನಷ್ಟೇ ಮೀಟಿದರೆ ಅದರೊಳಗಿಂದ ಗಾಂಧಾರ ತಾನಾಗಿ ಏಳುತ್ತದೆ. ಯಾರೂ ಕೂಡಿಸಿದ್ದಲ್ಲ, ತಂತಿಯ ಒಡಲಲ್ಲೇ ಇದ್ದದ್ದು. ಅದು 386ರ ಗಾಂಧಾರ. ಅದರ ಪಕ್ಕದಲ್ಲಿ ಕೂತು ಪೇಟಿ 400 ಎಂದು ಕೂಗಿದರೆ ಹಾಡುವವನು ಎತ್ತ ಹೋಗಬೇಕು?

ಈ ಕಾರಣಕ್ಕೂ ಪೇಟಿ ಬೈಗುಳ ತಿಂದಿತು. 1840ರ ಸುಮಾರಿಗೆ ಪ್ಯಾರಿಸ್‌ನಲ್ಲಿ ಹುಟ್ಟಿ, ಆ ಶತಮಾನದ ಕೊನೆಯ ಭಾಗದಲ್ಲಿ ಕಲಕತ್ತೆಯಲ್ಲಿ ಕೈತಿದಿಯ ರೂಪ ಪಡೆದು ನಮ್ಮ ನೆಲಕ್ಕೆ ಇಳಿದ ವಾದ್ಯವನ್ನು 1940ರಲ್ಲಿ ಆಕಾಶವಾಣಿ ಹೊರಗಿಟ್ಟಿತು. 1971ರವರೆಗೂ ಬಾಗಿಲು ತೆರೆಯಲಿಲ್ಲ. ಆ ಕಾಲದುದ್ದಕ್ಕೂ ನಮ್ಮ ಸೀಮೆಯ ನಾಟಕ ಕಂಪನಿಗಳ ಕಾಲುಪೇಟಿ, ಪಾರಿಜಾತದ ಆಟದ ಪೇಟಿ, ಮಠದ ಪೇಟಿ ಒಂದು ದಿನವೂ ನಿಲ್ಲಲಿಲ್ಲ. ಕಾಗವಾಡದಲ್ಲಿ 1917ರಲ್ಲಿ ಹುಟ್ಟಿ ಬೆಳಗಾವಿಯಲ್ಲಿ ಬಾಳಿದ ರಾಮಭಾವು ಬಿಜಾಪುರೆಯವರು ಈ ಪೆಟ್ಟಿಗೆಯಿಂದಲೇ ರಾಗವನ್ನು ಅರಳಿಸಿ ತೋರಿಸಿದರು, 2010ರಲ್ಲಿ ತೀರಿಕೊಳ್ಳುವವರೆಗೆ ತಲೆಮಾರುಗಳಿಗೆ ಕಲಿಸಿದರು. ಅಂಥವರ ಕೈ ಕೇಳಿದ ಮೇಲೆ ವಾದ್ಯವನ್ನೇ ಹೊರಗಿಡಬೇಕು ಎಂಬ ಮಾತು ನನ್ನ ಕಿವಿಗೆ ನಿಲ್ಲುವುದಿಲ್ಲ. ಆದರೆ ಶ್ರುತಿಯ ದೂರು ಸುಳ್ಳಲ್ಲ.

ದೂರನ್ನು ಸರಿಪಡಿಸಲು ಕೆಲವರು ಬಹಳ ದೂರ ಹೋದರು. ಕೃಷ್ಣಾಜಿ ಬಲ್ಲಾಳ ದೇವಲ್ ಎಂಬ ನಿವೃತ್ತ ಡೆಪ್ಯುಟಿ ಕಲೆಕ್ಟರ್ 1910ರಲ್ಲಿ 22 ಶ್ರುತಿಗಳ ಮೇಲೆ ಪುಸ್ತಕ ಬರೆದರು. ಮಿರಜದಲ್ಲಿ ನೆಲೆಸಿದ ಗಾಯಕ ಅಬ್ದುಲ್ ಕರೀಂ ಖಾನರು ಹಾಡಿ ತೋರಿಸಿದರು, ದೇವಲ್ ಅಳೆದರು. ಅರ್ನೆಸ್ಟ್ ಕ್ಲೆಮೆಂಟ್ಸ್ ಎಂಬ ಆಂಗ್ಲ ನ್ಯಾಯಾಧೀಶ ಜೊತೆ ಸೇರಿದ. ಶ್ರುತಿ ಹಾರ್ಮೋನಿಯಂ ಎಂಬುದೇ ಒಂದು ಸಿದ್ಧವಾಗಿ, 1916ರ ಬಡೋದೆಯ ಅಖಿಲ ಭಾರತ ಸಂಗೀತ ಪರಿಷತ್ತಿನಲ್ಲಿ ಅದರ ಮೇಲೆ ವಾದ ನಡೆಯಿತು. ಅಷ್ಟು ಮನೆಗಳ ಪೇಟಿಯನ್ನು ಯಾರು ನುಡಿಸಬೇಕು! ಅದು ಬಳಕೆಗೆ ಬರಲಿಲ್ಲ. ಆದರೂ ಒಂದು ಗಾಂಧಾರಕ್ಕಾಗಿ ಕಲೆಕ್ಟರ ಕಚೇರಿಯ ಮನುಷ್ಯ ತಂತಿಯನ್ನು ಅಳೆಯುತ್ತ ಕೂತದ್ದನ್ನು ನೆನೆದರೆ ನನಗೆ ಗೌರವ ಉಕ್ಕುತ್ತದೆ. ಇಂದು ಅದೇ ಗಾಂಧಾರವನ್ನು ನಾವು ಒಂದು ಹಿಡಿಕೆಯ ಆಸೆಗೆ ಮಾರುತ್ತಿದ್ದೇವೆ.

ಮತ್ತೆ ಆ ಹಿಡಿಕೆಯನ್ನು ಬಳಸುವ ರೀತಿ! ಮುದ್ದೇಬಿಹಾಳದಿಂದ ಇಂಡಿಯವರೆಗೆ ಯಾವ ಭಜನಾ ಸ್ಪರ್ಧೆಗೆ ಹೋದರೂ ಈಗ ಒಂದೇ ಆಟ. ತತ್ವಪದ ಚೆನ್ನಾಗಿ ಹದಕ್ಕೆ ಬಂದಿರುತ್ತದೆ, ದಮ್ಮಡಿ ಕೂಡಿರುತ್ತದೆ. ಕೊನೆಯ ನುಡಿಗೆ ಬಂದೊಡನೆ ಪೇಟಿಯವನು ಹಿಡಿಕೆ ಎಳೆದು ಷಡ್ಜವನ್ನೇ ಒಂದು ಮನೆ ಮೇಲಕ್ಕೆ ಏರಿಸುತ್ತಾನೆ. ಸಿನಿಮಾ ಹಾಡಿನ ಚಾಳಿ ಇದು. ಜನ ಚಪ್ಪಾಳೆ ತಟ್ಟುತ್ತಾರೆ, ಹಿಮ್ಮೇಳದವರು ಗಂಟಲು ಹರಿದುಕೊಳ್ಳುತ್ತಾರೆ, ಅಲ್ಲಿಯವರೆಗೆ ಕಟ್ಟಿದ ಧ್ಯಾನವೆಲ್ಲ ಚೆದುರುತ್ತದೆ. ತತ್ವಪದಕಾರ ಕಡಕೋಳ ಮಡಿವಾಳಪ್ಪನ ಪದ ಏರಬೇಕಾದದ್ದು ಅರ್ಥದಲ್ಲಿ. ಷಡ್ಜ ಎನ್ನುವುದು ಕೂಡುವ ನೆಲ. ಕೂತವರ ಕೆಳಗಿನ ನೆಲ ಎತ್ತುವುದು ಯಾವ ಕಲೆ? ನಿರ್ಣಾಯಕರು ಇದಕ್ಕೆ ಅಂಕ ಕೊಡುವುದನ್ನು ನೋಡಿ ನಾನು ಎದ್ದು ಬಂದದ್ದುಂಟು, ಮುಂದೆಯೂ ಎದ್ದು ಬರುತ್ತೇನೆ.

‘ನಮ್ಮ ಮೇಳದಾಗ ಹಾಡವ್ರು ಭಾಳ ಮಂದಿ ಅದಾರ, ಎಲ್ಲರದೂ ಒಂದೇ ಸುರ ಇರ್ತೈತೇನ್ರಿ?’ ಎಂದು ಹುಡುಗ ಕೇಳಿದ. ಪ್ರಶ್ನೆ ನ್ಯಾಯದ್ದು. ಕಛೇರಿ ನಡೆಸುವವನಾದರೆ, ಒಂದು ಸಂಜೆ ಗಂಡು ಗಂಟಲು ಮರುಸಂಜೆ ಹೆಣ್ಣು ಗಂಟಲು ಎಂದು ನುಡಿಸುವವನಾದರೆ ಅವನಿಗೆ ಸಮ ಅಂತರದ ಪೇಟಿಯೇ ಬೇಕು. ಆದರೆ ಅಮಾಸಿ ಭಜನಿಯಲ್ಲಿ, ಶ್ರಾವಣದ ಬಸವನ ಬಾಗೇವಾಡಿಯ ಜಾತ್ರೆಯಲ್ಲಿ, ರಾತ್ರಿ ಕೂತರೆ ಬೆಳಗಿನವರೆಗೆ ನಮ್ಮದು ಒಂದೇ ಷಡ್ಜ. ಒಬ್ಬ ಬಿಟ್ಟಲ್ಲಿ ಇನ್ನೊಬ್ಬ ಎತ್ತಿಕೊಳ್ಳುತ್ತಾನೆ. ಒಂದೇ ಷಡ್ಜದಲ್ಲಿ ಕೂಡುವವರಿಗೆ ಒಂಬತ್ತು ಸ್ಕೇಲು ಯಾಕೆ?

ನಿಜ ಹೇಳಬೇಕೆಂದರೆ, ಶ್ರುತಿಗೆ ಪೇಟಿಯೇ ಬೇಕೆಂದೇನೂ ಇಲ್ಲ. ಹಿಂದೆ ಇಂಡಿ ತಾಲೂಕಿಗೆ ಸೇರಿದ್ದ ಹಲಸಂಗಿಯ ಗೆಳೆಯರು 1931ರಲ್ಲಿ ‘ಗರತಿಯ ಹಾಡು’ ಎಂಬ ಜನಪದ ಹಾಡುಗಳ ಸಂಗ್ರಹ ಅಚ್ಚು ಹಾಕಿಸಿದರಲ್ಲ, ಆ ಹಾಡುಗಳಿಗೆ ಪೇಟಿಯ ಸಂಗ ಇರಲಿಲ್ಲ. ಬೀಸುಕಲ್ಲಿನ ಗುರುಗುಟ್ಟುವಿಕೆಯೇ ಶ್ರುತಿ. ಗೀಗೀ ಮೇಳಕ್ಕೂ ದಪ್ಪು, ತುಂತುಣಿ, ತಾಳ ಸಾಕು. ನಮ್ಮ ಊರಿನ ಹಿರಿಯ ಹೆಣ್ಣುಮಕ್ಕಳು ಇಂದಿಗೂ ಯಾವ ಆಸರೆಯೂ ಇಲ್ಲದೆ ಹಾಡುವಾಗ ಗಾಂಧಾರದ ಮೇಲೆ ಬಂದು ನಿಲ್ಲುವ ಪರಿ ಕೇಳಿದರೆ, ನಮ್ಮ ಪೇಟಿಗಳನ್ನು ಅವರ ಮುಂದಿಟ್ಟು ಶ್ರುತಿ ಮಾಡಿಸಬೇಕು ಎನಿಸುತ್ತದೆ. ಪೇಟಿ ಜೊತೆ ಬೆಳೆದ ಹುಡುಗರ ಗಾಂಧಾರ ಮಾತ್ರ ಆಗಲೇ ಮೇಲಕ್ಕೆ ಸರಿದಿದೆ.

ಹಾಗಾಗಿ ನಾನು ಮೇಳಕ್ಕೆ ಹೇಳಿದ್ದು: ಮನೆ ಸರಿಯದ, 42 ಮನೆಯ, ಎರಡು ಸಾಲಿನ ಪೇಟಿ, ಅರಗಿನ ಪಾಲಿಶ್. ಕರಿ ಒಂದನ್ನು ಷಡ್ಜ ಮಾಡಿ ಗಾಂಧಾರ ಶ್ರುತಿ ಮಾಡಿಸುವುದು. ಸೂರಿನ ತುದಿ ಕೆರೆದರೆ ಸ್ವರ ಏರುತ್ತದೆ, ಬುಡ ಕೆರೆದರೆ ಇಳಿಯುತ್ತದೆ. ಶುದ್ಧ ಗಾಂಧಾರ 14 ಸೆಂಟ್ ಇಳಿಯಬೇಕು, ಧೈವತ 16, ನಿಷಾದ 12, ಇವಕ್ಕೆ ಬುಡ. ಕೋಮಲ ಗಾಂಧಾರ 16 ಏರಬೇಕು, ಕೋಮಲ ಧೈವತ 14, ಇವಕ್ಕೆ ತುದಿ. ಕೋಮಲ ರಿಷಭದ ಲೆಕ್ಕ ಮಾತ್ರ ಹೀಗೆ ಕೂಡುವುದಿಲ್ಲ. ಭೈರವ ರಾಗದ ರಿಷಭ ಬೇರೆ, ತೋಡಿಯದು ಬೇರೆ, ಮಾರವಾದ್ದು ಬೇರೆ. ಒಂದು ಸೂರು ಮೂರಕ್ಕೂ ಆಗದು. ಅಲ್ಲಿ ಪೇಟಿಯವನು ಬೆರಳು ಎತ್ತಿ ಗಂಟಲಿಗೆ ದಾರಿ ಬಿಡಬೇಕು.