ಎರಡಕ್ಷರದ ಅಂತರ

ನನ್ನ ಆಯುಷ್ಯದಲ್ಲಿ ಎರಡು ನಿಮಿಷಗಳ ಲೆಕ್ಕ ನನ್ನ ಬಳಿ ಇಲ್ಲ. ತರಗತಿಯ ಎಪ್ಪತ್ತು ಮಂದಿ ವಿದ್ಯಾರ್ಥಿಗಳು ಅವನ್ನು ಕಣ್ಣಾರೆ ಕಂಡರು. ಆ ಹೊತ್ತು ಗೈರುಹಾಜರಾಗಿದ್ದವನು ಉಪನ್ಯಾಸಕನಾದ ನಾನೊಬ್ಬನೇ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ. ಪರೀಕ್ಷೆಯ ಕೆಲಸದ ಗಡಿಬಿಡಿಯಲ್ಲಿ ಊಟ ತಪ್ಪಿತ್ತು. ರಾಘವಾಂಕನ ಹರಿಶ್ಚಂದ್ರಕಾವ್ಯದಲ್ಲಿ ಚಂದ್ರಮತಿಯು ಮಗನ ಶವದ ಮುಂದೆ ಗೋಳಿಡುವ ಸಂದರ್ಭವನ್ನು ನಿಂತೇ ಪಾಠ ಹೇಳುತ್ತಿದ್ದೆ. ಅಕ್ಷರಗಳು ಮಸುಕಾದದ್ದು, ಕಿವಿ ಗುಯ್‌ಗುಟ್ಟಿದ್ದು—ಇಷ್ಟೇ ನೆನಪು. ಕಣ್ಣು ತೆರೆದಾಗ ನೆಲದ ಮೇಲಿದ್ದೆ. ಕೈಯಲ್ಲಿ ಕಾಲೇಜಿನ ಜವಾನನ ಬೀಗದಕೈ ಗೊಂಚಲು! ನಾನು ರಸಾವೇಶದಲ್ಲಿ ಅಭಿನಯಿಸುತ್ತಿರುವೆನೆಂದೇ ಮೊದಲು ಕೆಲವರು ತಿಳಿದರಂತೆ. ಕೈಕಾಲು ಅದುರಿದಾಗ ಗಾಬರಿಯಾದರಂತೆ. ನನಗೆ ಎಚ್ಚರ ಬಂದ ಕೀರ್ತಿಯೆಲ್ಲ ಕಬ್ಬಿಣದ ಕೀಲಿಗಳಿಗೇ ಸಂದಿತು.

ಮೊದಲನೆಯ ವೈದ್ಯರು ನನ್ನ ತಲೆಗೆ ತಂತಿಗಳನ್ನು ಅಂಟಿಸಿ ಇ.ಇ.ಜಿ. ಪರೀಕ್ಷೆ ಮಾಡಿಸಿದರು. ಮೆದುಳಿನ ವಿದ್ಯುತ್ ತರಂಗಗಳನ್ನು ಗೆರೆಗಳಾಗಿ ಬರೆಯುವ ಈ ವಿದ್ಯೆಯನ್ನು ಮನುಷ್ಯರ ಮೇಲೆ ಮೊದಲು ಸಾಧಿಸಿದವನು ಜರ್ಮನಿಯ ಹ್ಯಾನ್ಸ್ ಬರ್ಗರ್, 1924ರಲ್ಲಿ. ನನ್ನ ಗೆರೆಗಳಲ್ಲಿ ಏನೋ ಏರುಪೇರು ಕಂಡಿತು. “ಮೂರ್ಛೆರೋಗ. ಕೆಲವು ವರ್ಷ ಮಾತ್ರೆ ತಪ್ಪಿಸಬೇಡಿ, ಸ್ಕೂಟರು ಮುಟ್ಟಬೇಡಿ” ಎಂದರು. ಎರಡನೆಯವರು ಅದೇ ಹಾಳೆಯನ್ನು ನೋಡಿ ತಲೆಯಾಡಿಸಿದರು. “ಇಂಥ ಗೆರೆ ಆರೋಗ್ಯವಂತರಲ್ಲಿಯೂ ಕೆಲವರಿಗೆ ಇರುತ್ತದೆ. ಇದು ಬರಿಯ ಮೂರ್ಛೆ. ಮಾತ್ರೆ ಬೇಡ. ಹೃದಯವನ್ನೊಮ್ಮೆ ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ಸ್ಕೂಟರು ಬೇಡ.”

ಮೂರ್ಛೆಯೋ ಮೂರ್ಛೆರೋಗವೋ? ಕನ್ನಡ ಎಂ.ಎ. ಆದ ನನ್ನ ಹಣೆಯಬರಹ ‘ರೋಗ’ವೆಂಬ ಎರಡಕ್ಷರದ ಮೇಲೆ ನಿಂತಿತು. ನಮ್ಮ ಹಳೆಯ ಕಾವ್ಯಗಳ ನಾಯಿಕೆಯರು ಮಾತೆತ್ತಿದರೆ ಮೂರ್ಛೆ ಹೋಗುತ್ತಾರೆ. ಶೀತೋಪಚಾರ ಮಾಡಿದರೆ ಏಳುತ್ತಾರೆ. ಅವರನ್ನು ಯಾರೂ ರೋಗಿಗಳೆನ್ನಲಿಲ್ಲ. ಆದರೆ ಆ ಎರಡಕ್ಷರ ಸೇರಿತೆಂದರೆ ನೆರೆಹೊರೆಯವರ ದನಿ ತಗ್ಗುತ್ತದೆ.

ಮನೆಯಲ್ಲಿ ಮತದಾನವೇ ನಡೆಯಿತು. ಸೋದರಮಾವ ಮೊದಲನೆಯ ವೈದ್ಯರ ಪಕ್ಷ. ನನ್ನಾಕೆ ಎರಡನೆಯವರ ಪಕ್ಷ. ತಾಯಿ ಯಾವ ಪಕ್ಷವನ್ನೂ ಸೇರಲಿಲ್ಲ. “ಈ ಮಾತು ಹೊಸಿಲು ದಾಟಬಾರದು” ಎಂದಷ್ಟೇ ಹೇಳಿದರು. ತಂಗಿಯ ಮದುವೆಯ ಮಾತು ನಡೆದಿತ್ತು. ಅವರ ಅಂಜಿಕೆಯನ್ನು ನಗುವ ಹಾಗಿರಲಿಲ್ಲ. ಪದೇ ಪದೇ ಬರುವ ಅಪಸ್ಮಾರವನ್ನು ಹಿಂದೂ ವಿವಾಹ ಕಾಯಿದೆಯೇ 1976ರಿಂದ ಮದುವೆಗೆ ಅಡ್ಡಿಯೆಂದು ಎಣಿಸಿತ್ತು. ಆ ಮಾತನ್ನು ಕಾಯಿದೆಯಿಂದ ತೆಗೆದುಹಾಕಿದ್ದು 1999ರಲ್ಲಿ. ಜನರ ಮನಸ್ಸಿಗೆ ತಿದ್ದುಪಡಿ ಅಷ್ಟು ಬೇಗ ಬಾರದು.

ಮಾತ್ರೆಯ ಚೀಟಿ ಹದಿನೈದು ದಿನ ನನ್ನ ಜೇಬಿನಲ್ಲಿಯೇ ಸವೆಯಿತು. ರಾತ್ರಿ ಮಗಳು ಪಕ್ಕದಲ್ಲಿ ಮಲಗಿದಾಗಲೆಲ್ಲ ಒಂದೇ ಯೋಚನೆ: ಇವಳನ್ನು ಸ್ಕೂಟರಿನ ಮುಂದೆ ನಿಲ್ಲಿಸಿಕೊಂಡು ಹೋಗುವಾಗ ಹೀಗಾಗಿದ್ದರೆ? ಹಾಗೆ ಯೋಚಿಸುತ್ತಿದ್ದಾಗಲೇ ಒಂದು ಹೊಳೆಯಿತು. ಹಸ್ತಪ್ರತಿಗಳಲ್ಲಿ ಪಾಠಾಂತರ ಬಂದಾಗ ಸಂಪಾದಕನು ಮೊದಲು ಎಲ್ಲ ಪ್ರತಿಗಳೂ ಒಪ್ಪುವ ಪಾಠವನ್ನು ಹಿಡಿಯುತ್ತಾನೆ. ವೈದ್ಯರಿಬ್ಬರೂ ಒಪ್ಪಿದ ಮಾತೊಂದಿತ್ತು: ಸ್ಕೂಟರು ಬೇಡ. ಮರುದಿನವೇ ಅದರ ಕೀಲಿಯನ್ನು ನನ್ನಾಕೆಯ ಕೈಯಲ್ಲಿಟ್ಟೆ. ಅಂದು ಸ್ವಲ್ಪ ನಿದ್ರೆ ಬಂದಿತು.

ಉಳಿದ ಪಾಠಾಂತರಕ್ಕೆ ಮೂರನೆಯವರನ್ನು, ನರರೋಗ ತಜ್ಞರೊಬ್ಬರನ್ನು, ಕಂಡೆ. ಅವರು ಹಾಳೆಗಳನ್ನು ಪಕ್ಕಕ್ಕಿಟ್ಟು, “ನಿಮ್ಮನ್ನು ಕೇಳಿ ಪ್ರಯೋಜನವಿಲ್ಲ, ನೋಡಿದವರನ್ನು ಕರೆತನ್ನಿ” ಎಂದರು. ಮೊದಲ ಬೆಂಚಿನ ವಿದ್ಯಾರ್ಥಿನಿಯೊಬ್ಬಳು ತಂದೆಯೊಡನೆ ಬಂದಳು. ಮುಖದ ಬಣ್ಣ ಹೇಗಿತ್ತು? ಅದುರಿದ್ದು ಬೀಳುವ ಮೊದಲೋ ಅನಂತರವೋ? ನಾಲಗೆ ಕಚ್ಚಿತ್ತೇ? ಹುಡುಗಿ ತಡವರಿಸಲಿಲ್ಲ. “ಮುಖ ಬಿಳಿಚಿ ಬೆವರಿತ್ತು. ಬಿದ್ದ ಮೇಲೆ ಕೈ ನಾಲ್ಕೈದು ಸಲ ಅದುರಿತು. ಎಲ್ಲರೂ ಎರಡು ನಿಮಿಷ ಅನ್ನುತ್ತಾರೆ. ನಾನು ಗಡಿಯಾರ ನೋಡಿದ್ದೆ, ಅರ್ಧ ನಿಮಿಷವೂ ಇಲ್ಲ. ಎದ್ದವರೇ ‘ಎಲ್ಲಿಗೆ ನಿಲ್ಲಿಸಿದ್ದೆ?’ ಎಂದು ಪುಸ್ತಕ ಕೇಳಿದರು.”

ವೈದ್ಯರು ನಕ್ಕರು. ಮೆದುಳಿಗೆ ಕ್ಷಣಕಾಲ ರಕ್ತ ಸಾಲದೆ ಬರುವ ಸಾಮಾನ್ಯ ಮೂರ್ಛೆಯಲ್ಲಿಯೂ ಕೈಕಾಲು ಅದುರುವುದುಂಟು. ಅಪಸ್ಮಾರವಾದರೆ ಅದುರುವಿಕೆ ಸಾಮಾನ್ಯವಾಗಿ ಹೆಚ್ಚು ಹೊತ್ತು ನಡೆದು, ಎದ್ದ ಮೇಲೂ ಮಂಕು ಕವಿದಿರುತ್ತದೆ. ಗೆರೆ ಶುದ್ಧವಾಗಿದ್ದೂ ರೋಗವಿರಬಹುದು, ಗೆರೆ ಕೆಟ್ಟೂ ರೋಗವಿಲ್ಲದಿರಬಹುದು—ಹೀಗೆ ವಿವರಿಸಿದರು. “ಹಾಗಾದರೆ ಖಚಿತವೇ?” ಎಂದೆ. “ಬಹುಮಟ್ಟಿಗೆ. ಪೂರ್ತಿ ಖಚಿತವೆಂದು ಹೇಳಿದರೆ ಸುಳ್ಳಾದೀತು. ಈಗ ಮಾತ್ರೆ ಬೇಡ. ಹೃದಯದ ಪರೀಕ್ಷೆಯಾಗಲಿ, ಕಾಯೋಣ. ಮತ್ತೆ ಹಾಗಾದರೆ ಮಗ್ಗುಲಿಗೆ ಹೊರಳಿಸಿ, ಬಾಯಿಗೆ ಏನೂ ಇಡಬಾರದು, ಮೊಬೈಲಿನಲ್ಲಿ ಚಿತ್ರ ತೆಗೆಯಲಿ. ಐದು ನಿಮಿಷ ಮೀರಿದರೆ ಆಸ್ಪತ್ರೆ. ಬೀಗದಕೈ ಬಾಗಿಲಿಗಿರಲಿ. ಇನ್ನೊಂದು ಮಾತು: ಅಪಸ್ಮಾರವೇ ಆಗಿದ್ದರೂ ಸರಿಯಾದ ಚಿಕಿತ್ಸೆಯಿಂದ ನೂರಕ್ಕೆ ಎಪ್ಪತ್ತರಷ್ಟು ಮಂದಿ ಸೆಳವಿಲ್ಲದೆ ಬಾಳಬಲ್ಲರು.”

ಮೂವರಲ್ಲಿ, ತನಗೆ ತಿಳಿಯದಿರುವುದು ಎಷ್ಟೆಂದು ಅಳೆದು ಹೇಳಿದವರು ಅವರೊಬ್ಬರೇ. ಅದರಿಂದಲೇ ನನಗೆ ಧೈರ್ಯ ಬಂದಿತು.

ಬೀಗರಾಗಬೇಕಾದವರಿಗೆ ತಂಗಿಯೇ ಎಲ್ಲವನ್ನೂ ಹೇಳಿಬಿಟ್ಟಳು. ಅವರು ಮತ್ತೆ ಬರಲಿಲ್ಲ. “ಎರಡಕ್ಷರಕ್ಕೆ ಓಡಿದವರು ಈಗಲೇ ಓಡಿದ್ದು ಲೇಸು” ಎಂದಳು. ತಾಯಿ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ತಾವೇ ಪಕ್ಕದ ಮನೆಯವರಿಗೆ ವಿಷಯ ತಿಳಿಸಿ ಬಂದರು.

ಹೃದಯದಲ್ಲಿ ದೋಷ ಕಾಣಲಿಲ್ಲ. ಸ್ಕೂಟರು ಇನ್ನೂ ಮೂಲೆಯಲ್ಲಿದೆ. ನಾನು ಬಸ್ಸಿನಲ್ಲಿ ಹೋಗುತ್ತೇನೆ, ಊಟ ತಪ್ಪಿಸುವುದಿಲ್ಲ. ಚಂದ್ರಮತಿಯ ಪ್ರಲಾಪವನ್ನು ಕುರ್ಚಿಯಲ್ಲಿ ಕುಳಿತು ಮುಗಿಸಿದೆ. ಈಗಲೂ ಪಾಠದ ನಡುವೆ ನಾನು ಒಂದು ಕ್ಷಣ ತಡೆದರೆ, ಮೊದಲ ಬೆಂಚಿನ ಆ ಹುಡುಗಿ ಮೆಲ್ಲನೆ ಗಡಿಯಾರದತ್ತ ನೋಡುತ್ತಾಳೆ.