ಇಸವಿಯ ಕೆಳಗಿನ ನಕ್ಷತ್ರ

ನಾಣ್ಯ ಕೂಡಿಡುವ ಹವ್ಯಾಸ ನನಗಿದೆ ಎಂದು ಗೊತ್ತಾದೊಡನೆ ಮನೆಗೆ ಬಂದವರು ಕೇಳುವ ಮೊದಲ ಪ್ರಶ್ನೆ, ‘ಇದಕ್ಕೆಲ್ಲ ಈಗ ಎಷ್ಟು ಬರುತ್ತೆ?’ ಎರಡನೆಯದು, ‘ನಮ್ಮನೇಲೂ ಒಂದು ಹಳೇದಿದೆ, ಯಾರಾದ್ರೂ ತಗೋತಾರಾ?’ ದುಡ್ಡಿನ ವಿಷಯ ಅಂದಮೇಲೆ ಬೆಲೆಯ ಮಾತು ಬರುವುದು ಸಹಜವೇ. ಆದರೆ ಈ ಹವ್ಯಾಸವನ್ನು ಹೊಸದಾಗಿ ಹಿಡಿಯುವವರಿಗೆ ನಾನು ಹೇಳುವುದಿಷ್ಟು: ಬೆಲೆಯನ್ನು ಕೆಲಕಾಲ ಮರೆತುಬಿಡಿ, ಕೊಳ್ಳಲಿಕ್ಕೂ ಹೋಗಬೇಡಿ, ಮೊದಲು ನೋಡುವುದನ್ನು ಕಲಿಯಿರಿ. ನೋಡಲು ಬೇಕಾದದ್ದು ಈಗಾಗಲೇ ನಿಮ್ಮ ಜೇಬಿನಲ್ಲಿದೆ.

ತರಕಾರಿ ಅಂಗಡಿಯಲ್ಲಿ ಕೊಟ್ಟ ಚಿಲ್ಲರೆಯಿಂದ ಒಂದು ರೂಪಾಯಿಯನ್ನು ಆರಿಸಿ ಬೆಳಕಿಗೆ ಹಿಡಿಯಿರಿ. ಇಸವಿಯ ಕೆಳಗೆ ಸಾಸಿವೆ ಕಾಳಿನಷ್ಟು ಸಣ್ಣ ಗುರುತೊಂದು ಇರಬಹುದು. ನಕ್ಷತ್ರವಿದ್ದರೆ ಅದು ಹೈದರಾಬಾದಿನ ಟಂಕಸಾಲೆಯದು. ವಜ್ರದ ಆಕೃತಿಯಿದ್ದರೆ ಮುಂಬಯಿಯದು, ದುಂಡನೆಯ ಚುಕ್ಕಿಯಿದ್ದರೆ ನೋಯ್ಡಾದ್ದು. ಯಾವ ಗುರುತೂ ಇಲ್ಲದಿದ್ದರೆ ಕೋಲ್ಕತ್ತದ್ದು. ಇದನ್ನು ತಿಳಿದ ಮೇಲೆ ಎರಡು ರೂಪಾಯಿಗಳು ಒಂದೇ ಥರ ಕಾಣುವುದಿಲ್ಲ. ಒಂದೇ ಇಸವಿಯ ನಾಲ್ಕು ಊರಿನ ನಾಣ್ಯಗಳನ್ನು ಜೋಡಿಸಬೇಕೆಂಬ ಆಸೆ ಹುಟ್ಟುತ್ತದೆ. ಬಸ್ಸಿನ ಕಂಡಕ್ಟರು ಕೊಟ್ಟ ಚಿಲ್ಲರೆಯನ್ನು ಎಣಿಸುವ ಬದಲು ಓದುವುದಕ್ಕೆ ಶುರು ಮಾಡುತ್ತೀರಿ. ನಾಣ್ಯಸಂಗ್ರಹ ಅಲ್ಲಿಗೆ ಆರಂಭವಾಯಿತು. ಖರ್ಚು ಒಂದು ಪೈಸೆಯೂ ಇಲ್ಲ.

ಜೇಬಿನದು ಮುಗಿದ ಮೇಲೆ ಮನೆಯದು. ಹಳೆಯ ಮನೆಗಳಲ್ಲಿ ದೇವರ ಗೂಡಿನಲ್ಲೋ ಬೀರುವಿನ ಒಳಖಾನೆಯಲ್ಲೋ ಚಲಾವಣೆ ತಪ್ಪಿದ ಬಿಡಿಗಾಸಿನ ಡಬ್ಬಿಯೊಂದು ಇದ್ದೇ ಇರುತ್ತದೆ. ಅದನ್ನು ಚಾಪೆಯ ಮೇಲೆ ಸುರಿದು ಇಸವಿವಾರು ಸಾಲಾಗಿ ಇಡಿ. ದೇಶದ ಸಂಸಾರ ಹೇಗೆ ನಡೆಯಿತೆಂಬುದು ಲೋಹದಲ್ಲೇ ಕಾಣುತ್ತದೆ. 1957ರ ಏಪ್ರಿಲ್ 1ರಂದು ಹದಿನಾರಾಣೆಯ ರೂಪಾಯಿ ನೂರು ಪೈಸೆಯದಾಯಿತು. ಆಗಿನ ಒಂದು ನಯಾ ಪೈಸೆ ಕಂಚಿನದು, ದುಂಡಗಿನದು. 1962ರ ಹೊತ್ತಿಗೆ ಅದು ನಿಕಲ್ ಬೆರೆತ ಹಿತ್ತಾಳೆಗೆ ಇಳಿಯಿತು. 1965ರಲ್ಲಿ ಊದಿದರೆ ಹಾರುವಂಥ ಚೌಕನೆಯ ಅಲ್ಯೂಮಿನಿಯಂ ಆಯಿತು. ಹೂವಿನೆಸಳಿನ ಅಂಚಿನ ಹತ್ತು ಪೈಸೆಯದೂ ಇದೇ ಕಥೆ: ತಾಮ್ರ–ನಿಕಲ್, ಹಿತ್ತಾಳೆ, ಅಲ್ಯೂಮಿನಿಯಂ, ಕೊನೆಗೆ 1988ರಲ್ಲಿ ಪುಟ್ಟ ದುಂಡು ಸ್ಟೀಲು. ಒಳಗಿನ ಲೋಹದ ಬೆಲೆ ನಾಣ್ಯದ ಮುಖಬೆಲೆಯನ್ನು ಮೀರತೊಡಗಿದಾಗೆಲ್ಲ ಸರ್ಕಾರ ಅಗ್ಗದ ಲೋಹ ಹುಡುಕಬೇಕಾಯಿತು. 2011ರ ಜೂನ್ 30ಕ್ಕೆ ನಾಲ್ಕಾಣೆ ಮತ್ತು ಅದಕ್ಕಿಂತ ಸಣ್ಣವೆಲ್ಲ ಚಲಾವಣೆಯಿಂದಲೇ ಹೋದವು. ಬೆಲೆಯೇರಿಕೆ ಎಂದು ಪತ್ರಿಕೆಗಳಲ್ಲಿ ಓದುವುದು ಬೇರೆ, ಸಾಲಾಗಿ ಹಗುರಾಗುತ್ತ ಹೋಗುವ ಹತ್ತು ಪೈಸೆಗಳನ್ನು ಅಂಗೈಯಲ್ಲಿ ತೂಗಿ ನೋಡುವುದು ಬೇರೆ.

ಇನ್ನೂ ಹಿಂದೆ ಹೋದರೆ ಮಾತು ಇನ್ನೂ ರುಚಿ. ನಮ್ಮ ಅಜ್ಜಿ ಲಕ್ಷ್ಮೀಪೂಜೆಗೆ ಇಡುತ್ತಿದ್ದ ರಾಣಿ ಮುಖದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ, ಅಂದರೆ ಸರಿಯಾಗಿ ಒಂದು ತೊಲ; ಅದರಲ್ಲಿ ನೂರಕ್ಕೆ ತೊಂಬತ್ತೊಂದಕ್ಕೂ ಹೆಚ್ಚು ಪಾಲು ಬೆಳ್ಳಿ. ಎರಡನೆಯ ಮಹಾಯುದ್ಧ ಬಂದಾಗ ಬೆಳ್ಳಿ ಅರ್ಧಕ್ಕಿಳಿಯಿತು, 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಬರೀ ನಿಕಲ್. ಅದೇ ಯುದ್ಧಕಾಲದಲ್ಲಿ ತಾಮ್ರ ಉಳಿಸಲೆಂದು ಕಾಲಾಣೆಯ ನಡುವೆ ದೊಡ್ಡ ತೂತು ಬಂತು. ಆ ತೂತಿನ ಕಾಸನ್ನು ಕೈಗಿಟ್ಟಾಗ ಅಜ್ಜಿ, ‘ಇದನ್ನ ಮಕ್ಕಳ ಉಡಿದಾರಕ್ಕೆ ಪೋಣಿಸ್ತಿದ್ವಿ ಕಣೋ’ ಎಂದಿದ್ದರು. ಯಾವ ಕ್ಯಾಟಲಾಗಿನಲ್ಲೂ ಆ ಮಾತಿಲ್ಲ. ಹಳೆಯ ನಾಣ್ಯವನ್ನು ಹಿರಿಯರ ಕೈಯಲ್ಲಿಟ್ಟು ಸುಮ್ಮನೆ ಕೂರಿ, ಅವರೇ ಮಾತಾಡುತ್ತಾರೆ. 1911ರ ಐದನೆಯ ಜಾರ್ಜ್ ದೊರೆಯ ರೂಪಾಯಿಯನ್ನು ನೋಡಿ. ದೊರೆಯ ನಿಲುವಂಗಿಯ ಮೇಲಿನ ಆನೆಗೆ ಸೊಂಡಿಲು ಗಿಡ್ಡವಾಗಿ, ಜನ ಅದನ್ನು ಹಂದಿ ಎಂದು ಬಗೆದು ಮುಟ್ಟಲೊಲ್ಲೆವೆಂದರು. ಮರುವರ್ಷ ಆನೆಯನ್ನು ತಿದ್ದಬೇಕಾಯಿತು. ಸಾಮ್ರಾಜ್ಯವೇ ಜನರ ಮನಸ್ಸಿಗೆ ಬಗ್ಗಿದ ದಾಖಲೆ ಉಗುರಿನಷ್ಟಗಲದ ಜಾಗದಲ್ಲಿದೆ.

ನಮ್ಮ ನಾಡಿನ ನಾಣ್ಯಗಳಿಗೆ ಬಂದರಂತೂ ಓದು ಮುಗಿಯುವುದಿಲ್ಲ. ಹೊಯ್ಸಳ ವಿಷ್ಣುವರ್ಧನ ಚೋಳರಿಂದ ತಲಕಾಡನ್ನು ಗೆದ್ದದ್ದನ್ನು ‘ಶ್ರೀ ತಳಕಾಡುಗೊಂಡ’ ಎಂದು ಕನ್ನಡ ಅಕ್ಷರದಲ್ಲಿ ಚಿನ್ನದ ಮೇಲೆ ಟಂಕಿಸಿದ. ಕೃಷ್ಣದೇವರಾಯನ ವರಾಹದ ಮೇಲೆ ಬಾಲಕೃಷ್ಣ, ಅಚ್ಯುತರಾಯನದರ ಮೇಲೆ ಗಂಡಭೇರುಂಡ, ಟಿಪ್ಪುವಿನ ತಾಮ್ರದ ಮೇಲೆ ಆನೆ, ಮುಮ್ಮಡಿ ಕೃಷ್ಣರಾಜರ ತಾಮ್ರದ ಮೇಲೆ ಕನ್ನಡದಲ್ಲೇ ‘ಮಾಯಿಲಿ ಕಾಸು’. ಇವನ್ನು ಶುರುವಿನಲ್ಲೇ ಕೊಳ್ಳಲು ಹೊರಡಬೇಡಿ. ವಸ್ತುಸಂಗ್ರಹಾಲಯಗಳಲ್ಲಿ ಅಸಲಿ ನಾಣ್ಯಗಳನ್ನು ಕಣ್ಣು ತುಂಬ ನೋಡಿ, ಪುಸ್ತಕ ಓದಿ, ಎ.ವಿ. ನರಸಿಂಹಮೂರ್ತಿಯವರಂಥ ವಿದ್ವಾಂಸರು ಕರ್ನಾಟಕದ ನಾಣ್ಯಗಳನ್ನು ಕುರಿತು ಬರೆದಿದ್ದಾರೆ. ಕಣ್ಣು ಪಳಗುವ ಮೊದಲೇ ಕೈ ಚಾಚಿದರೆ ಸಿಗುವುದು ನಕಲಿಯೇ. ರಾಮ–ಸೀತೆಯರ, ಹನುಮಂತನ ಚಿತ್ರವಿರುವ ‘1818ರ ಈಸ್ಟ್ ಇಂಡಿಯಾ ಕಂಪನಿ’ ನಾಣ್ಯವೆಂದು ಜಾತ್ರೆ ಜಾತ್ರೆಯಲ್ಲೂ ಮಾರುತ್ತಾರೆ. ಕಂಪನಿ ಅಂಥದ್ದನ್ನು ಎಂದೂ ಟಂಕಿಸಲಿಲ್ಲ. ಹಳೆಯ ಐದು ರೂಪಾಯಿಗೆ ಲಕ್ಷಗಟ್ಟಲೆ ಕೊಡುತ್ತೇವೆ, ಮೊದಲು ಶುಲ್ಕ ಕಟ್ಟಿ ಎನ್ನುವವರನ್ನು ನಂಬಬೇಡಿ. ತನ್ನ ಹೆಸರು ಹೇಳಿಕೊಂಡು ಹೀಗೆ ವಂಚಿಸುವವರಿದ್ದಾರೆಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಸಿಕ್ಕದ್ದನ್ನು ಕಾಪಾಡುವುದು ಸಿಗುವುದಕ್ಕಿಂತ ದೊಡ್ಡ ಕೆಲಸ. ಹುಣಸೆಹಣ್ಣು ಹಾಕಿ ಉಜ್ಜುವ ಕೈಯನ್ನು ತಡೆಯಿರಿ. ತಾಮ್ರ ನೂರು ವರ್ಷ ಕೂತು ಪಡೆದ ಬಣ್ಣವೇ ಅದರ ರಕ್ಷೆ. ಉಜ್ಜಿದರೆ ಅಕ್ಷರ ಸವೆಯುತ್ತದೆ, ಹೋದ ಮೈ ಮರಳುವುದಿಲ್ಲ. ಮುಖ ಮುಟ್ಟದೆ ಅಂಚಿನಲ್ಲಿ ಹಿಡಿಯಿರಿ. ಮೆತ್ತನೆಯ ಅಗ್ಗದ ಪಿವಿಸಿ ಚೀಲ ತಾಮ್ರಕ್ಕೆ ಹಸಿರು ಹತ್ತಿಸುತ್ತದೆ. ನಾಣ್ಯಕ್ಕೆಂದೇ ಮಾಡಿದ ರಟ್ಟಿನ ಹೋಲ್ಡರುಗಳು ಒಳ್ಳೆಯವು. ಮಲೆನಾಡು, ಕರಾವಳಿಯವರು ಮಳೆಗಾಲದಲ್ಲಿ ಡಬ್ಬಿಯೊಳಗೆ ಸಿಲಿಕಾ ಜೆಲ್ ಪೊಟ್ಟಣ ಇಡಲೇಬೇಕು. ಕಾನೂನೂ ತಿಳಿದಿರಲಿ: ನೂರು ವರ್ಷ ದಾಟಿದ ನಾಣ್ಯವನ್ನು ಖಾಸಗಿಯವರು ಹೊರದೇಶಕ್ಕೆ ಸಾಗಿಸುವಂತಿಲ್ಲ. ಹೊಲದಲ್ಲೋ ಪಾಯ ತೋಡುವಾಗಲೋ ನಿಧಿ ಸಿಕ್ಕರೆ ಜಿಲ್ಲಾಧಿಕಾರಿಗೆ ತಿಳಿಸಬೇಕು. ನಿಧಿಯೊಂದು ಕರಗಿ ಬಳೆಯಾದರೆ, ಯಾವ ಅರಸನ ದುಡ್ಡು ಯಾವ ಊರಿನವರೆಗೆ ನಡೆಯುತ್ತಿತ್ತೆಂಬ ಸಾಕ್ಷಿಯೂ ಕರಗಿದಂತೆ.

ಎಲ್ಲವನ್ನೂ ಕೂಡಿಡಲು ಹೊರಟವರು ಬೇಗ ದಣಿಯುತ್ತಾರೆ. ಒಂದು ಗಡಿ ಹಾಕಿಕೊಳ್ಳಿ: ಹತ್ತು ಪೈಸೆ ಮಾತ್ರ, ಅಥವಾ ನೀವು ಹುಟ್ಟಿದ ವರ್ಷದವು, ಇಲ್ಲವೇ ಸ್ಮರಣಾರ್ಥ ರೂಪಾಯಿಗಳು. ನೆಹರೂ ಚಿತ್ರದ 1964ರ ರೂಪಾಯಿಯಿಂದ ಆ ಸಾಲು ಮೊದಲಾಗುತ್ತದೆ. ಗಡಿ ಸಣ್ಣದಾದಷ್ಟೂ ನೋಟ ಆಳಕ್ಕಿಳಿಯುತ್ತದೆ. ಜೊತೆಗೊಂದು ನೋಟ್‌ಬುಕ್ ಇಟ್ಟು, ಪ್ರತಿ ನಾಣ್ಯದ ಇಸವಿ, ಟಂಕಸಾಲೆ, ಲೋಹ, ಅದು ಯಾರಿಂದ ಯಾವ ಊರಲ್ಲಿ ಬಂತು, ಕೊಟ್ಟವರು ಏನು ಹೇಳಿದರು ಎಂಬುದನ್ನು ಅಂದೇ ಬರೆಯಿರಿ. ಮುಂದೊಂದು ದಿನ ನಾಣ್ಯಗಳು ಮಕ್ಕಳ ಪಾಲಿಗೆ ಹೋಗುತ್ತವೆ. ಆ ಬರಹ ಜೊತೆಗಿದ್ದರೆ ಅದು ಸಂಗ್ರಹ. ಇಲ್ಲದಿದ್ದರೆ ಮತ್ತೆ ಬರೀ ಚಿಲ್ಲರೆ.