ಕಟಾಂಜನಕ್ಕೆ ಬಳಿದ ಎಣ್ಣೆ

ಮನೆಯೊಳಗಿನ ಮರವನ್ನು ಕಾಪಾಡುವ ಬಗೆ ಬೇರೆ, ಬಯಲಿನಲ್ಲಿ ನಿಂತ ಮರವನ್ನು ಕಾಪಾಡುವ ಬಗೆ ಬೇರೆ. ಈ ಚಿಕ್ಕ ಮಾತನ್ನು ಅರಿಯುವುದಕ್ಕಾಗಿ ನಾನು ಒಂದು ಕಂಬವನ್ನು ಕೆಡಿಸಬೇಕಾಯಿತು. ಅದು ಪೇಟೆಯಿಂದ ಕೊಂಡು ತಂದ ಕಂಬವಾಗಿದ್ದರೆ ಈ ಲೇಖನಕ್ಕೆ ಕಾರಣವೇ ಇರುತ್ತಿರಲಿಲ್ಲ.

ಕೃಷ್ಣಾ ಮೇಲ್ದಂಡೆ ಯೋಜನೆಗೆ ಆಲಮಟ್ಟಿಯಲ್ಲಿ 1964ರಲ್ಲಿ ಅಡಿಗಲ್ಲು ಬಿದ್ದಿತು. ಅದರ ಕೆಳಗಿನ ನಾರಾಯಣಪುರದ ಅಣೆಕಟ್ಟು 1980ರ ದಶಕದ ಆರಂಭದಲ್ಲಿ ನೀರು ಹಿಡಿಯತೊಡಗಿತು. ನಮ್ಮ ಊರು ಆ ಹಿನ್ನೀರಿನ ಅಂಚಿನಲ್ಲಿದ್ದಿತು. ಊರು ಬಿಡಬೇಕೆಂದು ನೋಟೀಸು ಬಂದಾಗ ನಮ್ಮ ತಂದೆಯವರು ತಾವೇ ನಿಂತು ಮಾಳಿಗೆಯ ಮಣ್ಣನ್ನು ಇಳಿಸಿದರು; ಜಂತಿ, ತೊಲೆ, ಬೋದಿಗೆಗಳನ್ನೂ ಪಡಸಾಲೆಯ ನಾಲ್ಕು ಸಾಗವಾನಿ ಕಂಬಗಳನ್ನೂ ಬಿಚ್ಚಿಸಿ ಬಂಡಿಗಳ ಮೇಲೆ ಹೇರಿಸಿದರು. ಆಗ ನನಗೆ 21 ವರ್ಷ. ಪರಿಹಾರದ ಹಣದಿಂದ ಕಟ್ಟಿದ ಹೊಸ ಮನೆಗೆ ಸಿಮೆಂಟಿನ ಛಾವಣಿ. ಅದರಲ್ಲಿ ಕಂಬಗಳಿಗೆ ಸ್ಥಾನವಿರಲಿಲ್ಲ. ಅವು ದನದ ಕೊಟ್ಟಿಗೆಯಲ್ಲಿ ಗೋಡೆಯ ಬದಿಗೆ ಮೂವತ್ತೆಂಟು ವರ್ಷ ಮಲಗಿದ್ದವು. ತಂದೆಯವರು ಅವುಗಳನ್ನು ಮತ್ತೆ ನಿಲ್ಲಿಸಿದ್ದನ್ನು ಕಾಣದೆಯೇ ತೀರಿಕೊಂಡರು.

ಊರನ್ನು ಮುಳುಗಿಸಿದ ಯೋಜನೆಯ ಕಚೇರಿಯಲ್ಲಿಯೇ ನಾನು ಕಾರಕೂನನಾಗಿ ಸೇರಿ, ಬಹುಕಾಲ ಭೀಮರಾಯನಗುಡಿಯ ಕ್ಯಾಂಪಿನಲ್ಲಿ ಕಾಲುವೆಯ ಲೆಕ್ಕಪತ್ರಗಳನ್ನು ಬರೆದವನು. ಇದನ್ನು ವಿಧಿಯ ಆಟವೆಂದು ನೆಂಟರು ನಗುವುದುಂಟು. ನನಗೆ ಅದು ಅನ್ನ ಕೊಟ್ಟ ಕೆಲಸ. 2019ರಲ್ಲಿ ನಿವೃತ್ತನಾಗಿ ಇಲ್ಲಿಯೇ ಒಂದು ಸಣ್ಣ ಮನೆ ಕಟ್ಟಿಸಿದೆನು. ಮುಂದುಗಡೆ ಬಯಲಿಗೆ ತೆರೆದ ಜಗಲಿ. ಅದರ ಅಂಚಿಗೆ ಆ ನಾಲ್ಕು ಕಂಬಗಳು. ಕಂಬದಿಂದ ಕಂಬಕ್ಕೆ ಹಳೆಯ ಜಂತಿಗಳನ್ನು ಸೀಳಿಸಿ ಮಾಡಿದ ಕಟಾಂಜನ. ಅಂಗಳದಾಚೆ ಬೇವಿನ ಹಲಗೆಯ ಬೇಲಿ. ಕಂಬಗಳು ನಿಂತ ದಿನ ನಮ್ಮ ಅವ್ವ, ಆಗ ಅವರಿಗೆ 82 ವರ್ಷ, ಎರಡನೆಯ ಕಂಬದ ಬುಡಕ್ಕೆ ಹೋಗಿ ಬೆನ್ನು ಕೊಟ್ಟು ಕುಳಿತುಬಿಟ್ಟರು. ಹಳೆಯ ಮನೆಯಲ್ಲಿ ಅವರ ಅತ್ತೆಯವರು ಕುಳಿತುಕೊಳ್ಳುತ್ತಿದ್ದುದು ಅದೇ ಕಂಬಕ್ಕೆ. ಕುಳಿತವರ ತಲೆ ತಾಕುವ ಕಡೆ, ಮರವು ಎರಡು ಅಂಗೈಯಗಲ ಕಪ್ಪಾಗಿ ನುಣುಪಾಗಿದೆ. ಅದು ಮೂರು ತಲೆಮಾರಿನ ತಲೆಯೆಣ್ಣೆ.

ಇನ್ನು ನನ್ನ ತಪ್ಪಿನ ಕಥೆ. ಬಣ್ಣದ ಅಂಗಡಿಯವರೊಬ್ಬರು, “ಮರದ ಚೆಲುವು ಕಾಣಬೇಕೆಂದರೆ ಬಣ್ಣವಿಲ್ಲದ ವಾರ್ನಿಷೇ ಸರಿ” ಎಂದರು. ನನಗೂ ಅದೇ ಬೇಕಾಗಿತ್ತು. ಬೇಕಾದ ಮಾತನ್ನೇ ಹೇಳುವವರನ್ನು ನಂಬುವುದು ಎಷ್ಟು ಸುಲಭವೆಂಬುದನ್ನು ವಾಚಕರು ಬಲ್ಲರು. 2020ರ ಮಾರ್ಚಿಯಲ್ಲಿ ಬಣ್ಣ ಬಳಿಯುವವನು ಮೊದಲನೆಯ ಕಂಬಕ್ಕೆ ಮೂರು ಕೈ ವಾರ್ನಿಷು ಬಳಿದನು. ಅಷ್ಟರಲ್ಲಿ ಲಾಕ್‌ಡೌನು ಬಂದಿತು. ಅವನು ತನ್ನ ಊರಿಗೆ ಹೊರಟುಹೋದನು. ಉಳಿದ ಮೂರು ಕಂಬಗಳು ಬದುಕಿಕೊಂಡದ್ದು ಹೀಗೆ. ಜಗತ್ತೆಲ್ಲ ಹೆದರಿ ಮನೆ ಸೇರಿದ ಕಾಲದಲ್ಲಿ ನನಗೆ ದೊರೆತ ಒಂದೇ ಲಾಭವಿದು.

ಮೊದಲನೆಯ ಕಂಬ ಎರಡು ತಿಂಗಳು ಕನ್ನಡಿಯಂತೆ ಹೊಳೆಯಿತು. ನಮ್ಮ ಸೀಮೆಯ ಬೇಸಗೆ 40 ಡಿಗ್ರಿಯನ್ನು ಲೀಲೆಯಾಗಿ ದಾಟತಕ್ಕದ್ದು. ಮೇ ತಿಂಗಳ ಕೊನೆಗೆ ಪಡುವಣ ಮುಖದ ಮೇಲೆ ಸಣ್ಣ ಗುಳ್ಳೆಗಳೆದ್ದವು. ಆ ವರ್ಷದ ಅಕ್ಟೋಬರದಲ್ಲಿ ಭೀಮೆಗೆ ಮಹಾಪೂರ ಬಂದ ಮಳೆಯನ್ನು ಈ ಜಿಲ್ಲೆಯವರು ಮರೆತಿರಲಾರರು. ಆ ಮಳೆಯ ನೀರು ಒಡೆದ ಗುಳ್ಳೆಗಳೊಳಗೆ ಇಳಿದು, ಹೊರಬರಲು ದಾರಿಯಿಲ್ಲದೆ ಅಲ್ಲಿಯೇ ನಿಂತಿತು. ವಾರ್ನಿಷು ಹಾವಿನ ಪೊರೆಯಂತೆ ಸುಲಿಯಿತು. ಅದರಡಿಯ ಮರ ಕಲೆಗಟ್ಟಿತು. ಉಳಿದುದನ್ನು ತೆಗೆಯಲು ನಾನು ಕಾಸ್ಟಿಕ್ ಸೋಡಾ ನೀರನ್ನು ಬಳಸಿದ್ದು ಎರಡನೆಯ ತಪ್ಪು. ಅದರಿಂದ ಸಾಗವಾನಿ ಇದ್ದಿಲಿನಂತೆ ಕಪ್ಪಗಾಯಿತು. ಬಡಿಗೇರ ಯಜಮಾನರು ಬಂದು ನೋಡಿ, ಬಹಳ ಹೊತ್ತು ಮಾತನಾಡಲಿಲ್ಲ. ಕೊನೆಗೆ, “ಸಾಹೇಬ್ರ, ಮನೀ ಕಂಬ ಅದ. ಮೊದಲ ಒಂದು ತುಂಡಿಗೆ ಹಚ್ಚಿ ನೋಡಬೇಕಿತ್ತು” ಎಂದರು. ಅವರು ಕಂಬದ ಮೈಯನ್ನು ಹತ್ತರಿಯಿಂದ ಹೆರೆದು ಒಳಗಿನ ಹೊಸ ಮರವನ್ನು ಹೊರಗೆ ತರಬೇಕಾಯಿತು. ನಡುವಿನ ಕಮಲದ ಎಸಳುಗಳ ಅಂಚು ಆಗ ಸವೆದುಹೋಯಿತು. ಅದು ಇನ್ನು ಬಾರದು.

ಬೆಂಗಳೂರಿನ ಮಲ್ಲೇಶ್ವರದಲ್ಲಿ ಕಾಷ್ಠ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆಯಿದೆ. 1938ರಲ್ಲಿ ಅರಣ್ಯ ಸಂಶೋಧನೆಯ ಪ್ರಯೋಗಶಾಲೆಯಾಗಿ ಹುಟ್ಟಿ 1988ರಲ್ಲಿ ಸಂಸ್ಥೆಯಾದದ್ದು. ಅಂಥ ಕಡೆಗಳಲ್ಲಿ ಮರದ ತುಂಡುಗಳನ್ನು ಬಿಸಿಲಿಗಿಟ್ಟು ಬಣ್ಣ, ಎಣ್ಣೆಗಳನ್ನು ಪರೀಕ್ಷಿಸುತ್ತಾರೆ. ತುಂಡನ್ನು ದಕ್ಷಿಣಕ್ಕೆ ಮುಖಮಾಡಿ 45 ಅಂಶ ಓರೆಯಾಗಿ ಇಟ್ಟರೆ, ನೆಟ್ಟಗೆ ನಿಂತ ಮರ ಕಾಣುವುದಕ್ಕಿಂತ ಹೆಚ್ಚಿನ ಬಿಸಿಲು ಮಳೆಗಳನ್ನು ಅದು ಬೇಗನೆ ಕಾಣುತ್ತದೆ. ಇದನ್ನು ಓದಿಕೊಂಡು, ಬಡಿಗೇರರ ಮಾತಿನಂತೆ ಮಿಕ್ಕ ಜಂತಿಯೊಂದನ್ನು ಮೊಳದುದ್ದದ ಏಳು ತುಂಡು ಮಾಡಿಸಿ, ಮಾಳಿಗೆಯ ಮೇಲೆ ಓರೆಯ ಚೌಕಟ್ಟು ನಿಲ್ಲಿಸಿ, 2020ರ ದೀಪಾವಳಿಯ ದಿನ ಸಾಲಾಗಿ ಇಟ್ಟೆನು. ಕಂಬಗಳಿಗೆ ಅಲ್ಲಿಯವರೆಗೆ ತಟ್ಟಿಯ ಮರೆ ಕಟ್ಟಿಸಿದೆನು. ತುಂಡುಗಳಿಗೆ ಹಚ್ಚಿದ್ದು ಇವು: ಒಂದಕ್ಕೆ ಏನೂ ಇಲ್ಲ; ಒಂದಕ್ಕೆ ಅದೇ ಬಣ್ಣವಿಲ್ಲದ ವಾರ್ನಿಷು; ಒಂದಕ್ಕೆ ಹೊಂಗೆಯೆಣ್ಣೆ; ಒಂದಕ್ಕೆ ಟ್ರ್ಯಾಕ್ಟರಿನಿಂದ ತೆಗೆದ ಸುಟ್ಟ ಎಣ್ಣೆ; ಒಂದಕ್ಕೆ ಕಾಯಿಸಿದ ಅಗಸೆ ಎಣ್ಣೆ; ಒಂದಕ್ಕೆ ಅದೇ ಎಣ್ಣೆಯಲ್ಲಿ ಕೆಮ್ಮಣ್ಣು ಕಲಸಿದ್ದು; ಕೊನೆಯದಕ್ಕೆ ಹೊರಗಿನ ಮರಕ್ಕೆಂದೇ ಡಬ್ಬಿಯಲ್ಲಿ ಮಾರುವ ಬಣ್ಣದ ಸ್ಟೇನು. ಪ್ರತಿಯೊಂದರ ಅರ್ಧ ಭಾಗವನ್ನು ತಗಡಿನಿಂದ ಮುಚ್ಚಿದೆನು. ಈ ಮುಚ್ಚಿದ ಭಾಗವಿಲ್ಲದಿದ್ದರೆ ಪರೀಕ್ಷೆಯೇ ಇಲ್ಲ. ದಿನವೂ ಕಾಣುವ ವಸ್ತು ಎಷ್ಟು ಬದಲಾಯಿತೆಂಬುದು ನಮ್ಮ ಕಣ್ಣಿಗೆ ತಿಳಿಯುವುದಿಲ್ಲ.

ಅವ್ವನವರಿಗೆ ಮಾಳಿಗೆಯನ್ನು ಹತ್ತುವ ಶಕ್ತಿಯಿರಲಿಲ್ಲ. ತುಂಡುಗಳನ್ನು ತಿಂಗಳಿಗೊಮ್ಮೆ ಕೆಳಗೆ ತಂದು ಅವರ ಮುಂದೆ ಇಡುತ್ತಿದ್ದೆನು. ಅವರು ತಂಬಿಗೆಯಲ್ಲಿ ಬೆರಳದ್ದಿ ಒಂದೊಂದರ ಮೇಲೆ ಹನಿ ಬಿಡುತ್ತಿದ್ದರು. ಹನಿಯು ಮುತ್ತಿನಂತೆ ನಿಂತರೆ ಎಣ್ಣೆ ಇನ್ನೂ ಜೀವಂತವಾಗಿದೆ. ಹರಡಿ ಇಂಗಿಹೋದರೆ ಅದರ ಕಾಲ ಮುಗಿದಿದೆ. ಇದಕ್ಕಿಂತ ಸರಳವಾದ ಪರೀಕ್ಷೆಯನ್ನು ನಾನು ಕಾಣೆನು. ಯಾವ ಗೃಹಿಣಿಯೂ ತನ್ನ ಮನೆಯ ಬಾಗಿಲ ಮೇಲೆ ಈ ಹೊತ್ತೇ ಮಾಡಿ ನೋಡಬಹುದು. ಆದರೆ ಮರದ ಕೊಯ್ದ ತುದಿಯ ಮೇಲೂ ಹನಿ ಬಿಡಬೇಕು. ನಾರುಗಳ ಬಾಯಿ ತೆರೆದಿರುವುದು ಅಲ್ಲಿ. ಮರ ನೀರು ಕುಡಿಯುವುದೂ ಹೆಚ್ಚಾಗಿ ಅಲ್ಲಿಂದಲೇ.

ಬರಿಯ ತುಂಡು ನಾಲ್ಕು ತಿಂಗಳಲ್ಲಿ ಬೂದಿಯ ಬಣ್ಣಕ್ಕೆ ತಿರುಗಿತು. ಮರದ ನಾರುಗಳನ್ನು ಅಂಟಿನಂತೆ ಹಿಡಿದಿಡುವ ಲಿಗ್ನಿನ್ ಎಂಬ ಪದಾರ್ಥವನ್ನು ಬಿಸಿಲಿನ ಅತಿನೇರಳೆ ಕಿರಣಗಳು ಒಡೆಯುತ್ತವೆ; ಮಳೆ ಅದನ್ನು ತೊಳೆದೊಯ್ಯುತ್ತದೆ. ಬಣ್ಣವಿಲ್ಲದ ವಾರ್ನಿಷು ಸೋತ ಗುಟ್ಟೂ ಇಲ್ಲಿಯೇ ಇತ್ತು. ಬೆಳಕನ್ನು ಒಳಗೆ ಬಿಡುವುದರಿಂದಲೇ ಅದು ಮರದ ಚೆಲುವನ್ನು ತೋರಿಸುತ್ತದೆ. ಒಳಗೆ ಹೋದ ಬೆಳಕು ವಾರ್ನಿಷು ಹಿಡಿದುಕೊಂಡ ಮರದ ಮೈಯನ್ನೇ ಸಡಿಲಿಸುತ್ತದೆ. ಹೊಂಗೆಯೆಣ್ಣೆ ಒಣಗಲೇ ಇಲ್ಲ. ಎರೆಹೊಲದ ಧೂಳೆಲ್ಲ ಅದಕ್ಕೆ ಅಂಟಿ, ತುಂಡು ಕರಿಯ ರೊಟ್ಟಿಯಂತಾಯಿತು. ಸುಟ್ಟ ಎಣ್ಣೆಯನ್ನು ನಮ್ಮ ಹಳ್ಳಿಗಳಲ್ಲಿ ಗೂಟ, ಬೇಲಿಗಳಿಗೆ ಧಾರಾಳವಾಗಿ ಬಳಿಯುತ್ತಾರೆ. ಗೆದ್ದಲು ಬಾರದೆಂಬ ನಂಬಿಕೆ. ಅದರ ಮಸಿ ಮೊಮ್ಮಗಳ ಹೊಸ ಲಂಗಕ್ಕೆ ತಗುಲಿದ ದಿನವೇ ಮನೆಯವರು ಆ ತುಂಡನ್ನು ಪರೀಕ್ಷೆಯಿಂದ ಬಹಿಷ್ಕರಿಸಿದರು. ಅದು ನೆಲಕ್ಕಿಳಿದರೆ ಮಣ್ಣು ಕೆಡುತ್ತದೆಂಬುದನ್ನು ನಾನು ಅವರಿಗೆ ಹೇಳುವ ಪ್ರಸಂಗವೂ ಬರಲಿಲ್ಲ.

ಅಗಸೆ ಎಣ್ಣೆಯ ರೀತಿಯೇ ಬೇರೆ. ಹೊಂಗೆ, ಕೊಬ್ಬರಿ ಎಣ್ಣೆಗಳಂತೆ ಅದು ಜಿಡ್ಡಾಗಿ ಉಳಿಯುವುದಿಲ್ಲ. ಗಾಳಿಯ ಆಮ್ಲಜನಕವನ್ನು ಹೀರಿ ಮರದೊಳಗೆ ತಾನೇ ಗಟ್ಟಿಯಾಗುತ್ತದೆ. ಆದರೆ ಬರಿಯ ಎಣ್ಣೆಗೆ ಬಿಸಿಲನ್ನು ತಡೆಯುವ ಶಕ್ತಿ ಸಾಲದು; ಆ ತುಂಡು ಮುಂದಿನ ಬೇಸಗೆಗೆ ಬೂದಿಯಾಯಿತು. ಕೆಮ್ಮಣ್ಣು ಸೇರಿಸಿದ್ದು ಮಾತ್ರ ಎರಡನೆಯ ಮಳೆಗಾಲದವರೆಗೂ ಬಣ್ಣವನ್ನು ಬಿಡಲಿಲ್ಲ. ಕೆಮ್ಮಣ್ಣಿನ ಕೆಂಪು ಕಬ್ಬಿಣದ ಆಕ್ಸೈಡು. ಅದು ಆ ಕಿರಣಗಳನ್ನು ತಾನೇ ನುಂಗಿ, ಮರಕ್ಕೆ ಕೊಡೆಯಾಗಿ ನಿಲ್ಲುತ್ತದೆ. ಅಂಗಡಿಯ ಸ್ಟೇನಿನ ಮೇಲೆ ಎರಡು ವರ್ಷದ ತರುವಾಯವೂ ಅವ್ವನವರ ಹನಿ ಮುತ್ತಾಗಿ ನಿಂತಿತು. ನಿಜ ಹೇಳುವುದಾದರೆ ಗೆದ್ದದ್ದು ಅದೇ. ನಮ್ಮ ಹಿರಿಯರಿಗೆ ತಿಳಿದುದೇ ಎಲ್ಲಕ್ಕಿಂತ ಮೇಲೆಂದು ಬರೆಯುವ ಆಸೆ ನನಗೂ ಇದ್ದಿತು; ತುಂಡುಗಳು ಹಾಗೆ ಹೇಳಲಿಲ್ಲ.

ಆದಕಾರಣ ಬೇಲಿಯ ಬೇವಿನ ಹಲಗೆಗಳಿಗೆ ಸ್ಟೇನನ್ನೇ ಬಳಿಸಿದೆನು. ಬೇಲಿಯ ಕಂಬಗಳು ಶಹಾಬಾದಿನ ಕಲ್ಲು. ನಮ್ಮ ಎರೆಮಣ್ಣು ಮಳೆಯಲ್ಲಿ ಉಬ್ಬಿ ಬೇಸಗೆಯಲ್ಲಿ ಬಿರಿಯುವಂಥದು. ಅದರಲ್ಲಿ ಹೂಳಿದ ಮರ, ಮಣ್ಣೂ ಗಾಳಿಯೂ ಕೂಡುವ ಗೆರೆಯಲ್ಲಿಯೇ ಮೊದಲು ಕೊಳೆಯುತ್ತದೆ. ಇದಕ್ಕೊಂದು ಬಲವಾದ ಮದ್ದನ್ನು ಡೆಹ್ರಾಡೂನಿನ ಅರಣ್ಯ ಸಂಶೋಧನಾಲಯದಲ್ಲಿದ್ದ ಸೊಂಟಿ ಕಾಮೇಶಂ ಎಂಬವರು 1933ರಲ್ಲಿ ಕಂಡುಹಿಡಿದರು. ತಾಮ್ರ, ಕ್ರೋಮಿಯಂ, ಆರ್ಸೆನಿಕ್ ಕೂಡಿದ ಆ ದ್ರಾವಣವು ಜಗತ್ತಿನಲ್ಲೆಲ್ಲ ಹಬ್ಬಿತು. ಅದರಲ್ಲಿ ಪಾಷಾಣವಿದ್ದುದರಿಂದ, ಅಮೇರಿಕೆಯಲ್ಲಿ ಮನೆಯ ಜಗಲಿ, ಬೇಲಿಗಳ ಮರಕ್ಕೆ ಅದನ್ನು ಬಳಸುವುದು 2003ರ ಕೊನೆಗೆ ನಿಂತಿತು. ಮೊಮ್ಮಕ್ಕಳು ಆಡುವ ಅಂಗಳಕ್ಕೆ ನನಗೆ ಕಲ್ಲೇ ಲೇಸೆನಿಸಿತು.

ಕಂಬಗಳಿಗೂ ಕಟಾಂಜನಕ್ಕೂ ಅಗಸೆ ಎಣ್ಣೆ ಮತ್ತು ಕೆಮ್ಮಣ್ಣು. ಸೋತದ್ದನ್ನು ಏಕೆ ಆರಿಸಿದಿರೆಂದು ಯಾರಾದರೂ ಕೇಳಬಹುದು. ಸ್ಟೇನಿನ ಬಣ್ಣ ಕಾಫಿಯಂತೆ ಗಾಢವಾಗಿತ್ತು; ಅದನ್ನು ಕಂಡು ಅವ್ವನವರು, “ಯಪ್ಪಾ, ಇದು ನಮ್ಮ ಮನೀ ಕಂಬ ಅನಸೂದಿಲ್ಲ” ಎಂದರು. ಇದು ಒಂದು ಕಾರಣ. ಇನ್ನೊಂದು ಕಾರಣ, ಅಗಸೆ ಎಣ್ಣೆ ಸವೆಯುತ್ತದೆಯೇ ಹೊರತು ಸುಲಿಯುವುದಿಲ್ಲ. ಅದನ್ನು ಹೊಸದಾಗಿಸಬೇಕಾದರೆ ಹೆರೆಯುವ ಕೆಲಸವಿಲ್ಲ. ಧೂಳು ಒರೆಸಿ ಮತ್ತೊಂದು ಕೈ ಬಳಿದರಾಯಿತು. ಕಮಲದ ಎಸಳು ಇನ್ನೊಮ್ಮೆ ಸವೆಯುವುದು ನನಗೆ ಬೇಡವಾಗಿತ್ತು. ಮಲೆನಾಡಿನ ವಾಚಕರು ಮಾತ್ರ ಇದನ್ನು ಕಣ್ಣು ಮುಚ್ಚಿ ಅನುಸರಿಸಬಾರದು. ತಿಂಗಳುಗಟ್ಟಲೆ ಒದ್ದೆಯಿರುವ ಸೀಮೆಯಲ್ಲಿ ಈ ಎಣ್ಣೆಯೇ ಬೂಷ್ಟಿಗೆ ಆಹಾರವಾಗಿ ಮರ ಕಪ್ಪಾದೀತು. ಕರಾವಳಿಯವರು ದೋಣಿಗಳಿಗೆ ಗೇರುಬೀಜದ ಸಿಪ್ಪೆಯ ಎಣ್ಣೆಯನ್ನು ಬಳಿಯುತ್ತಿದ್ದುದು ಅವರ ನೆಲಕ್ಕೆ ತಕ್ಕ ಉಪಾಯ.

ಬಳಿದ ಕ್ರಮವನ್ನು ಹೇಳಿಬಿಡುತ್ತೇನೆ. ಮಳೆ ನಿಂತು ಮರ ಒಣಗುವವರೆಗೆ ಕಾದು, 2022ರ ಕಾರ್ತಿಕ ಕಳೆದ ಮೇಲೆ ಬೆಳಗಿನ ಹೊತ್ತಿನಲ್ಲಿ ಆರಂಭಿಸಿದೆವು. ಮೊದಲನೆಯ ಕೈಗೆ ಎರಡು ಪಾಲು ಎಣ್ಣೆಗೆ ಒಂದು ಪಾಲು ಟರ್ಪೆಂಟೈನು. ಆ ಬಳಿಕದ ಎರಡು ಕೈಗಳಿಗೆ ಟರ್ಪೆಂಟೈನು ಕಡಿಮೆ. ಕೆಮ್ಮಣ್ಣನ್ನು ಬಟ್ಟೆಯಲ್ಲಿ ಸೋಸಿ, ಎಣ್ಣೆಯಲ್ಲಿ ಅರೆದು ಲೀಟರಿಗೆ ಎರಡು ಹಿಡಿಯಂತೆ ಕಲಸಿದೆವು. ಬಳಿದು ಅರ್ಧ ಗಳಿಗೆಯ ಮೇಲೆ, ಮರ ಕುಡಿಯದೆ ಬಿಟ್ಟ ಎಣ್ಣೆಯನ್ನು ಬಟ್ಟೆಯಿಂದ ಒರೆಸಿ ತೆಗೆಯಲೇಬೇಕು. ಇಲ್ಲದಿದ್ದರೆ ಅಂಟು ಕಟ್ಟುತ್ತದೆ. ಆ ಬಟ್ಟೆಗಳ ವಿಷಯದಲ್ಲಿ ಎಚ್ಚರ! ನಾವು ಅವುಗಳನ್ನು ಮುದ್ದೆ ಮಾಡಿ ಹಿತ್ತಲಿನ ಬುಟ್ಟಿಯಲ್ಲಿ ಒಗೆದಿದ್ದೆವು. ಮಧ್ಯಾಹ್ನ ಸೊಸೆ ಹೊಗೆಯ ವಾಸನೆ ಹಿಡಿದು ಓಡಿದಳು. ಯಾರೂ ಬೆಂಕಿ ಹಚ್ಚಿರಲಿಲ್ಲ. ಅಗಸೆ ಎಣ್ಣೆ ಒಣಗುವಾಗ ಶಾಖ ಬಿಡುತ್ತದೆ. ಮುದ್ದೆಯಾದ ಬಟ್ಟೆಯಲ್ಲಿ ಆ ಶಾಖ ಹೊರಗೆ ಹೋಗಲಾರದೆ ಕೂಡಿಕೊಂಡು ತಾನೇ ಹೊತ್ತಿಕೊಳ್ಳುತ್ತದೆ. ಪಕ್ಕದಲ್ಲಿಯೇ ಕಣಿಕೆಯ ಬಣವೆಯಿದ್ದಿತು. ಬಟ್ಟೆಗಳನ್ನು ಹರವಿ ಒಣಹಾಕಬೇಕು, ಇಲ್ಲವೆ ನೀರಿನಲ್ಲಿ ಮುಳುಗಿಸಿಡಬೇಕು.

ಎಲ್ಲ ಮುಗಿದ ಮೇಲೆ ಎರಡನೆಯ ಕಂಬದ ಆ ಎರಡು ಅಂಗೈಯಗಲದ ಜಾಗ ಮಾತ್ರ ಒಣಗಲಿಲ್ಲ. ಒಣಗದ ತಲೆಯೆಣ್ಣೆ ಮರದಲ್ಲಿ ತುಂಬಿದ್ದುದರಿಂದ ಅಗಸೆ ಎಣ್ಣೆಗೆ ಅಲ್ಲಿ ಎಡೆಯಿರಲಿಲ್ಲ. ಬಡಿಗೇರರು, ಅಷ್ಟನ್ನು ಹೆರೆದು ಕೊಡುತ್ತೇನೆಂದು ಹತ್ತರಿ ತೆಗೆದರು. ಅವ್ವನವರು ಬೇಡವೆನ್ನಲಿಲ್ಲ, ಎದ್ದು ಬಂದು ಆ ಜಾಗಕ್ಕೆ ತಲೆಯಾನಿಸಿ ಕುಳಿತರು. ಸೆರಗಿಗೆ ಕೆಮ್ಮಣ್ಣು ಹತ್ತೀತೆಂದು ಸೊಸೆ ಕೂಗಿದಳು, ಹತ್ತಿತು ಕೂಡ. ಬಡಿಗೇರರು ಹತ್ತರಿಯನ್ನು ಚೀಲಕ್ಕೆ ಹಾಕಿಕೊಂಡರು. ನಾನು ಟರ್ಪೆಂಟೈನಿನ ಬಟ್ಟೆಯಿಂದ ಅಲ್ಲಿಯ ಬಣ್ಣವನ್ನಷ್ಟು ಒರೆಸಿ, ಆ ಜಾಗವನ್ನು ಮೊದಲಿದ್ದಂತೆಯೇ ಬಿಟ್ಟೆನು.

2024ರ ಕೊನೆಗೆ ಪಡುವಣ ಮುಖಗಳ ಮೇಲೆ ಹನಿ ಹರಡತೊಡಗಿದಾಗ ಇನ್ನೊಂದು ಕೈ ಬಳಿದೆವು. ಆಗಲೂ ಆ ಜಾಗವನ್ನು ಸುತ್ತು ಹಾಕಿಯೇ ಕುಂಚವನ್ನು ಎಳೆದೆನು.